ಹಿಟ್ಟು ಬೇಯುವ ಹೊತ್ತು

“ಅಯ್ಯೋ, ಹಸಿಹಿಟ್ಟು!” ಅಜ್ಜಿ ಫೋನನ್ನು ಬೃಂದಾಳ ಕೈಗೆ ತುರುಕಿದಳು. “ಬೇಯೋದು ಎಲ್ಲೈತವ್ವ?”

“ಅದನ್ನ ಕಟ್ ಮಾಡ್ದೆ ಅಜ್ಜಿ. ಬೋರ್ ಆಯ್ತದೆ.”

ಅಜ್ಜಿ ಮುದ್ದೆ ಮಾಡುವುದನ್ನು ಹಿಡಿದು ಬೃಂದಾ ಶಾಲೆಗಾಗಿ ಜೋಡಿಸಿದ್ದ ವಿಡಿಯೋ ಜೋರಾಗಿಯೇ ಇತ್ತು. ಡಬಡಬ ಮ್ಯೂಸಿಕ್, ಕುದಿಯುವ ನೀರಿಗೆ ರಾಗಿಹಿಟ್ಟು, ಮರುಕ್ಷಣ ತಟ್ಟೆಯಲ್ಲಿ ದುಂಡನೆಯ ಮುದ್ದೆ!

“ನಾಳೆ ಇಸ್ಕೂಲಲ್ಲಿ ಎಲ್ರ ಮುಂದೆ ನಾನು ಹಸಿಹಿಟ್ಟು ಉಣ್ಸೋಳು ಅಂತ ಆಗ್ಲಾ? ನಾನ್ ಬರಾಕಿಲ್ಲ ಬುಡು.”

ಹಾರನಹಳ್ಳಿ ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಕೋಲು ಹಿಡಿದು ಮುದ್ದೆ ತೊಳಸಲು ಅಜ್ಜಿ ಚಿಕ್ಕಬೀರಮ್ಮನೇ ಬೇಕು. ಅಂಥವಳಿಗೆ ಈ ಅವಮಾನ! ಅಜ್ಜಿಯೇ ಬರದಿದ್ದರೆ ವಿಡಿಯೋ ಯಾರಿಗಾಗಿ? ಬೃಂದಾಳಿಗೆ ಅಳು ಬಂತು. ಆದರೂ ಸೋಲುವ ಹುಡುಗಿಯಲ್ಲ ಅವಳು.

“ಬಾ ಅಜ್ಜಿ. ಬೆಂದಿಲ್ಲ ಅಂತ ನಿಂಗೆ ಅನ್ನಿಸಿದ್ರೆ ನಾನೇ ಆಫ್ ಮಾಡ್ತೀನಿ. ಪ್ರಾಮಿಸ್.”

ಬೃಂದಾ ವಿಡಿಯೋದಲ್ಲಿ ಬೇಯುವುದನ್ನು ಪೂರ್ತಿ ಇಟ್ಟಳು. ಕಾಲು ಗಂಟೆ! ಗೆಳತಿ ಶಶಿ ಆಕಳಿಸಿ, “ನಿದ್ದೆ ಬತ್ತದೆ ಕಣೇ. ಮೂರೇ ನಿಮಿಷ ಇರ್ಬೇಕು ಅಂದಿಲ್ವಾ ಮೇಷ್ಟ್ರು?” ಎಂದಳು.

ಸುನೀಲ್‌ಕುಮಾರ್ ಮೇಷ್ಟ್ರು ಇನ್ನೂ ಒಂದು ಮಾತು ಹೇಳಿದ್ದರು: “ನಡೆದದ್ದನ್ನ ನಡೆದಂಗೇ ತೋರಿಸೋದು ಒಂದು ದಾರಿ. ತುಂಡು ತುಂಡು ಜೋಡಿಸಿ ಬೇರೇನೋ ಅನ್ನಿಸೋ ಹಾಗೆ ಮಾಡೋದು ಇನ್ನೊಂದು. ನಡುವೆ ಬೇಕಾದಷ್ಟು ಜಾಗ ಐತೆ.”

ಬೃಂದಾ ಮತ್ತೆ ನೋಡಿದಳು. ಈ ಸಲ ಪಾತ್ರೆಯನ್ನಲ್ಲ, ಅಜ್ಜಿಯನ್ನು. ಅಜ್ಜಿ ಸೌದೆ ಮುಂದೆ ತಳ್ಳಿದಳು. ಹೊಗೆಗೆ ಕಣ್ಣೊರೆಸಿಕೊಂಡಳು. ಕೋಳಿಯನ್ನು ‘ಉಶ್’ ಎಂದು ಓಡಿಸಿದಳು. ಬಗ್ಗಿ ಪಾತ್ರೆ ನೋಡಿದಳು, ಇನ್ನೂ ಇಲ್ಲ ಎಂದು ತಲೆಯಾಡಿಸಿದಳು.

ನಾಲ್ಕು ತುಂಡು ಸಾಕು. ಮ್ಯೂಸಿಕ್ ಕಿತ್ತೆಸೆದಳು. ತುಂಡು ಬದಲಾದರೂ ಹಿಟ್ಟು ಕೊತಕೊತ ಕುದಿಯುವ ಸದ್ದು ಮಾತ್ರ ನಿಲ್ಲದ ಹಾಗೆ ಜೋಡಿಸಿದಳು.

ಮರುದಿನ ಅಜ್ಜಿ ಶಾಲೆಗೆ ಬಂದಳು, ಮುಖ ಬಿಗಿದುಕೊಂಡೇ. ಬೃಂದಾ ಕ್ಲಾಸಿನ ಟಿವಿ ಪಕ್ಕ ನಿಂತಳು. ಬೆರಳು ರಿಮೋಟಿನ ಕೆಂಪು ಬಟನ್ ಮೇಲಿತ್ತು.

ಸೌದೆ. ಹೊಗೆ. ಕೋಳಿ. ಅಜ್ಜಿ ಬೆಂಚಿನ ತುದಿಗೆ ಸರಿದು ಕೂತಳು. ಟಿವಿಯಲ್ಲಿನ ಅಜ್ಜಿ ಕೋಲಿಗೆ ಕೈ ಹಾಕುವ ಮೊದಲೇ ಬೆಂಚಿನ ಮೇಲಿನ ಅಜ್ಜಿ ಕೂಗಿದಳು: “ಹ್ಞೂ, ಬೆಂತು! ತೊಳಸು ಇನ್ನ!”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಬೃಂದಾ ಟಿವಿಯ ಮೂಲೆಯಲ್ಲಿ ಓಡುತ್ತಿದ್ದ ಸೆಕೆಂಡಿನ ನಂಬರ್ ನೋಡಿದಳು. ವಿಡಿಯೋದಲ್ಲಿ ಬೇಯಲು ಹಿಡಿದಿದ್ದು ಬರೀ ಇಪ್ಪತ್ತು ಸೆಕೆಂಡು. ಅಷ್ಟರಲ್ಲೇ ಅಜ್ಜಿ ಮಾತ್ರ ಪೂರ್ತಿ ಕಾಲು ಗಂಟೆ ಕಾದಿದ್ದಳು.

ಬೃಂದಾ ರಿಮೋಟ್ ಕೆಳಗಿಟ್ಟು, ಹೋಗಿ ಅಜ್ಜಿಯ ಪಕ್ಕ ಕೂತಳು.