ಅಕ್ಕನ ರಕ್ತ ಕದ್ದವರು ಯಾರು?

ಫ್ರೀಜರ್ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಒಳಗಿನ ಟ್ಯೂಬುಗಳಲ್ಲಿ ಒಂದು ಮಾಯ.

"ಒಂದು ಟ್ಯೂಬ್ ರಕ್ತ ಹೋಯ್ತು ಅಂತ ಇನ್ಸ್‌ಪೆಕ್ಟರ್ ಆಗಿರೋ ನನ್ನನ್ನ ಕರೆಸಿದ್ರಾ ಡಾಕ್ಟ್ರೇ?" ಅಂದೆ.

"ವರ್ಷಾನುಗಟ್ಟಲೆಯ ಸಂಶೋಧನೆ ಮೇಡಂ. ಕಿಡ್ನಿ ಹಾಕಿಸಿಕೊಂಡವರು, ಕೊಟ್ಟವರು, ಇಬ್ಬರೂ ಎಷ್ಟು ಕಾಲ ಚೆನ್ನಾಗಿರ್ತಾರೆ ಅಂತ ನೋಡ್ತೀವಿ. ಮೊನ್ನೆ ತೆಗೆದ ರಕ್ತ ಇದು. ಇವತ್ತು ಪರೀಕ್ಷೆ ಇತ್ತು. ಬೆಳಿಗ್ಗೆ ಎಣಿಸಿದಾಗ ಎಲ್ಲ ಸರಿಯಾಗಿತ್ತು."

"ಹೋಗಿರೋದು ಯಾರದು?"

"ತಮ್ಮನಿಗೆ ಕಿಡ್ನಿ ಕೊಟ್ಟ ಒಬ್ಬ ಅಕ್ಕಂದು. ಗುಂಡುಕಲ್ಲಿನ ಹಾಗಿದ್ದಾರೆ!"

ನನಗೆ ತಲೆಬುಡ ಅರ್ಥವಾಗಲಿಲ್ಲ. ಹೆಸರಿನ ಚೀಟಿ ಅಂಟಿಸಿದ ತಮ್ಮನ ಟ್ಯೂಬು ಪಕ್ಕದಲ್ಲೇ ಭದ್ರವಾಗಿತ್ತು. ಕಾಯಿಲೆಯವನದನ್ನು ಬಿಟ್ಟು ಗಟ್ಟಿಮುಟ್ಟಾದವಳ ರಕ್ತ ಕದಿಯುವ ಕಳ್ಳನನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

*

ಮೊದಲು ಡಾಕ್ಟರನ್ನೇ ಹಿಡಿದೆ.

"ಕೊಟ್ಟವರಿಗೆ ಏನೂ ಆಗಲ್ಲ ಅಂತ ಎಲ್ಲ ಕಡೆ ಹೇಳ್ಕೊಂಡು ಬಂದೋರು ನೀವೇ ತಾನೆ? ಆ ರಕ್ತ ಬೇರೇನಾದ್ರೂ ಹೇಳಿದ್ರೆ?"

"ಬೆಳಿಗ್ಗೆಯಿಂದ ಆಪರೇಷನ್‌ನಲ್ಲಿದ್ದೆ ಮೇಡಂ."

ನರ್ಸುಗಳೆಲ್ಲ ಹೌದೆಂದರು. ಹಗಲಲ್ಲಿ ಆ ಕೋಣೆಗೆ ಬೀಗವಿಲ್ಲ, ಯಾರು ಬೇಕಾದರೂ ನುಗ್ಗಬಹುದು. ಮತ್ತೆ ಗೊಂದಲ.

ಅಷ್ಟರಲ್ಲಿ ಡಾಕ್ಟರ್ ಫ್ರೀಜರಿನೊಳಗೆ ಬೆರಳು ತೋರಿಸಿದರು. ಲೋಹದ ತಟ್ಟೆಗೆ ಚರ್ಮದ ತೆಳು ಚೂರು ಅಂಟಿತ್ತು.

"ಮೈನಸ್ ಎಂಬತ್ತು ಡಿಗ್ರಿ ಚಳಿ ಇದು. ಬರಿಗೈ ಹಾಕಿದ್ರೆ ಸುಟ್ಟ ಹಾಗೆ ಗುಳ್ಳೆ ಏಳುತ್ತೆ. ನಾವೆಲ್ಲ ದಪ್ಪ ಗ್ಲೌಸ್ ಹಾಕ್ತೀವಿ."

ಹಾಗಾದರೆ ಕಳ್ಳ ಇಲ್ಲಿ ಕೆಲಸ ಮಾಡುವವನಲ್ಲ.

*

ಹೊರಗೆ ಬೆಂಚಿನ ಮೇಲೆ ಅಕ್ಕ, ತಮ್ಮ ಕಾಯುತ್ತಿದ್ದರು. ಕೊಟ್ಟವರನ್ನೂ ಪಡೆದವರನ್ನೂ ಒಟ್ಟಿಗೆ ಕೂರಿಸಿ ರಿಸಲ್ಟ್ ಹೇಳುವುದು ಇಲ್ಲಿನ ರೂಢಿ. ತಮ್ಮನ ಬೆರಳಿಗೆ ಬಟ್ಟೆ ಸುತ್ತಿತ್ತು. ಸಿಕ್ಕಿಬಿದ್ದ ಅಂದುಕೊಂಡು ಬಿಚ್ಚಿಸಿದೆ. ಮಾಯುತ್ತಿದ್ದ ಚಾಕುವಿನ ಗಾಯ.

"ತರಕಾರಿ ಹೆಚ್ಚೋಕೂ ಬರಲ್ಲ ಇವನಿಗೆ," ಅಕ್ಕ ನಕ್ಕಳು. ನನ್ನ ಮುಖ ಹುಳ್ಳಗಾಯಿತು.

ತಮ್ಮ ಮಾತ್ರೆ ತೆಗೆದ. ಅಕ್ಕ ಎಡಗೈಯಲ್ಲಿ ನೀರಿನ ಬಾಟಲಿ ಕೊಟ್ಟಳು. "ಮುಚ್ಚಳ ನೀನೇ ತೆಕ್ಕೊಳ್ಳೋ." ಬಲಗೈ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಕೆಳಗೆ ನೋಡಿದೆ. ಚಪ್ಪಲಿ ಕಳಚಿಟ್ಟಿದ್ದಳು. ಊದಿದ ಪಾದಗಳಲ್ಲಿ ಪಟ್ಟಿಯ ಗುರುತು ಆಳವಾಗಿ ಕೂತಿತ್ತು.

"ಬಲಗೈ ತೋರಿಸಮ್ಮ."

ಬೆರಳ ತುದಿಗಳೆಲ್ಲ ಗುಳ್ಳೆ.

"ಅಕ್ಕಾ, ನೀನಾ?" ತಮ್ಮ ಗಾಬರಿಯಾದ. "ತನ್ನ ರಕ್ತ ತಾನೇ ಯಾರಾದ್ರೂ ಕದೀತಾರಾ?"

"ಎಲ್ಲ ಬಿಟ್ಟು ಆ ಟ್ಯೂಬೇ ಬೇಕಾಗೋದು ಅದರಲ್ಲೇನಿದೆ ಅಂತ ಗೊತ್ತಿರೋರಿಗೆ ಮಾತ್ರ," ಅಂದೆ. "ಪಾದ ನೋಡಿದ ಮೇಲೆ ನನಗೂ ಗೊತ್ತಾಯ್ತು. ಉಳಿದ ಒಂದು ಕಿಡ್ನಿನೂ ಸೋಲ್ತಾ ಇದೆ, ಅಲ್ವಾ?"

ಅಕ್ಕ ತಲೆತಗ್ಗಿಸಿದಳು. "ಬೇರೆ ಡಾಕ್ಟ್ರು ಹೇಳಿದ್ರು. ಇಲ್ಲಿ ರಿಸಲ್ಟ್ ಇವನೆದುರಿಗೇ ಹೇಳ್ತಾರಲ್ಲಮ್ಮ. ನನ್ನಿಂದಲೇ ಹೀಗಾಯ್ತು ಅಂತ ಕೊರಗಿ ಇವನು ಮಾತ್ರೆ ಬಿಟ್ಟುಬಿಟ್ರೆ?"

ಕಳ್ಳಿಯನ್ನು ಹಿಡಿದ ಖುಷಿ ನನಗೆ ಒಂದಿಷ್ಟೂ ಆಗಲಿಲ್ಲ.

"ಮುಚ್ಚಿಟ್ರೆ ಇನ್ನೂ ಹಾಳಾಗುತ್ತೆ," ನನ್ನ ಹಿಂದೆಯೇ ಬಂದಿದ್ದ ಡಾಕ್ಟರ್ ಮೆಲ್ಲಗೆ ಅಂದರು. "ಈಗಿಂದಲೇ ಔಷಧಿ ಶುರು ಮಾಡಿದ್ರೆ ನಿಧಾನ ಮಾಡಬಹುದು."

ತಮ್ಮ ಅವಳ ಸುಟ್ಟ ಕೈಯನ್ನು ಹುಷಾರಾಗಿ ಹಿಡಿದುಕೊಂಡ. "ವಾಪಸ್ ಕೊಡೋಣ ಅಂದ್ರೆ ನನ್ನ ಹತ್ರ ಇರೋದೂ ನಿಂದೇ ಅಲ್ವೇನೇ, ಅಕ್ಕ."

ಆಮೇಲೆ ಅವಳ ತೋಳಿನ ಬಟ್ಟೆ ಮೇಲಕ್ಕೆ ಸರಿಸಿ, "ತಗೊಳ್ಳಿ ಸಾರ್, ಇನ್ನೊಂದ್ಸಲ," ಅಂದ.