ರಿವ್ಯೂ ಮಾವನ ಕ್ಯಾಮೆರಾ

"ಇದು ಐದು ಕಿಲೋ ತಡೆಯುತ್ತೆ," ಎಂದು ಮಾವ ಟ್ರೈಪಾಡಿನ ತಲೆಯ ಮೇಲೆ ಅಂಗೈ ಊರಿ ತೋರಿಸಿದ. "ಗಾಳಿ ಬೀಸಲಿ, ಭೂಮಿ ನಡುಗಲಿ, ಇದು ಮಾತ್ರ ಅಲ್ಲಾಡೋದಿಲ್ಲ."

ಮೆಣಸು ಟ್ರೈಪಾಡಿನ ಮೂರು ಕಾಲುಗಳನ್ನೂ ನೋಡಿದಳು. ಆಮೇಲೆ ತಲೆ ನೋಡಿದಳು. ಅಲ್ಲಿ ಮಾವನ ಕೈ ಬಿಟ್ಟರೆ ಬೇರೇನೂ ಇರಲಿಲ್ಲ.

"ಕ್ಯಾಮೆರಾ ಎಲ್ಲಿ ಮಾವ?"

"ಅಲ್ಲಿಗೇ ಬರ್ತಿದ್ದೀನಿ," ಎಂದ ಮಾವ. ಆದರೆ ಬರಲಿಲ್ಲ. ಎದ್ದು ಹೋಗಿ ಬೀರು ತೆರೆದ.

ಬೀರುವಿನೊಳಗೆ ಹದಿನಾಲ್ಕು ಜೇಬುಗಳ ಕ್ಯಾಮೆರಾ ಬ್ಯಾಗು ಇತ್ತು. ಮಳೆ ಬಂದರೆ ಕ್ಯಾಮೆರಾಕ್ಕೆ ಹೊದಿಸುವ ಕವರ್ ಇತ್ತು. ಧೂಳು ಊದುವ ರಬ್ಬರ್ ಬುಡ್ಡೆ ಇತ್ತು. ಲೆನ್ಸ್ ಒರೆಸುವ ಬಟ್ಟೆಗಳು ಮೂರು, ಮೆಮೊರಿ ಕಾರ್ಡುಗಳು ಎರಡು, ಕತ್ತಿಗೆ ಹಾಕುವ ಪಟ್ಟಿ ಒಂದು. ಎಲ್ಲವೂ ಹೊಸದು, ಎಲ್ಲವೂ ಸಾಲಾಗಿ. ಮಾವನಿಗೆ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಂಬರ್ ಅಂಟಿಸುವ ಕೆಲಸ. ಮನೆಯ ಬೀರುವಿನಲ್ಲೂ ಒಂದು ವಸ್ತು ಇನ್ನೊಂದರ ಜಾಗಕ್ಕೆ ಕಾಲಿಡುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ಇಲ್ಲದಿದ್ದದ್ದು ಕ್ಯಾಮೆರಾ ಒಂದೇ.

ಮೂರು ವರ್ಷದಿಂದ ಮಾವ ಕ್ಯಾಮೆರಾ ಆರಿಸುತ್ತಿದ್ದ. ಸಂಜೆಯಾದರೆ ಸಾಕು, ಫೋನಿನಲ್ಲಿ ರಿವ್ಯೂ ಓದಲು ಕೂರುತ್ತಿದ್ದ. ಇದು ಒಳ್ಳೆಯದು, ಅದು ಇದಕ್ಕಿಂತ ಒಳ್ಳೆಯದು. ಕೊನೆಗೆ ಒಂದು ಮಾಡೆಲ್ ಮನಸ್ಸಿಗೆ ಬಂತು ಅನ್ನುವಾಗ ಅದಕ್ಕಿಂತ ಹೊಸದು ಬರುತ್ತಿದೆ ಎಂಬ ಸುದ್ದಿ ಬರುತ್ತಿತ್ತು. ಈಗ ಕೊಂಡವನು ಪೆದ್ದನಾಗುತ್ತಾನೆ ಎಂದು ಮಾವ ಕಾಯುತ್ತಿದ್ದ. ಕಾಯುವಾಗ ಸುಮ್ಮನೆ ಕೂರಬಾರದಲ್ಲ, ಒಂದು ಬಟ್ಟೆಯನ್ನೋ ಒಂದು ಪಟ್ಟಿಯನ್ನೋ ಕೊಳ್ಳುತ್ತಿದ್ದ. ಅವನಿಗೆ ರಿವ್ಯೂ ಮಾವ ಎಂದು ಹೆಸರಿಟ್ಟವಳು ಮೆಣಸುವಿನ ಅಮ್ಮ, ಅಂದರೆ ಅವನ ಸ್ವಂತ ಅಕ್ಕ.

ಆದರೆ ಮೆಣಸುವಿಗೆ ಕಾಯಲು ಸಮಯವಿರಲಿಲ್ಲ. ಇವತ್ತು ಗುರುವಾರ. ನಾಳೆ ಬೆಳಿಗ್ಗೆ ಅಮ್ಮನ ಫೋಟೋ ಕ್ಲಾಸ್ ಮಿಸ್ಸಿನ ಟೇಬಲ್ ಮೇಲಿರಬೇಕು.

ಅವಳ ಕ್ಲಾಸಿನ ಹಿಂದಿನ ಗೋಡೆಯ ಮೇಲೆ ದೊಡ್ಡ ಬೋರ್ಡಿತ್ತು. ಮೇಲೆ 'ನಮ್ಮ ಮನೆಯವರ ಕೆಲಸ' ಎಂದು ಬರೆದಿತ್ತು. ಕೆಳಗೆ ಬಣ್ಣದ ಟೇಪಿನಲ್ಲಿ ಮಾಡಿದ ಮೂವತ್ತೆರಡು ಚೌಕಗಳು. ಒಬ್ಬನ ಅಪ್ಪ ಬಸ್ಸು ಓಡಿಸುತ್ತಿದ್ದರು. ಒಬ್ಬಳ ಅತ್ತೆ ಹಲ್ಲು ಕೀಳುತ್ತಿದ್ದರು. ಇನ್ನೊಬ್ಬನ ಚಿಕ್ಕಪ್ಪ ಲ್ಯಾಪ್‌ಟಾಪಿನ ಮುಂದೆ ನಿದ್ದೆ ಮಾಡುತ್ತಿದ್ದರು. ಅದೂ ಆಫೀಸಿನ ಕೆಲಸವೇ ಎಂದು ಅವನು ವಾದ ಮಾಡಿ ಗೆದ್ದಿದ್ದ. ಮೂವತ್ತೊಂದು ಚೌಕ ತುಂಬಿದ್ದವು. ಮೆಣಸುವಿನ ಚೌಕದಲ್ಲಿ ಅವಳ ಹೆಸರಿನ ಚೀಟಿಯೊಂದೇ ಇತ್ತು.

ಮೆಣಸುವಿನ ಅಮ್ಮ ಕೀ ಮಾಡುತ್ತಾಳೆ. ಬೀಗ ಕೆಟ್ಟರೆ, ಕೀ ಕಳೆದರೆ, ಮನೆಗೆ ಬಾಡಿಗೆಗೆ ಬಂದವರಿಗೆ ಇನ್ನೊಂದು ಕೀ ಬೇಕಾದರೆ ಎಲ್ಲರೂ ಬರುವುದು ಅವಳ ಹತ್ತಿರವೇ. ಬೀದಿಯವರಿಗೆ ಅವಳು ಕೀ ಅಕ್ಕ. ಹಾಗಂತ ಮೆಣಸು ಹೇಳಿದಾಗ ಪಕ್ಕದ ಬೆಂಚಿನ ಉದ್ದ ಜಡೆಯವಳು ನಕ್ಕಿದ್ದಳು.

"ಕೀನ ಮೆಷಿನ್ ಮಾಡುತ್ತಂತೆ ಕಣೇ. ನಿಮ್ಮಮ್ಮ ಸ್ವಿಚ್ ಹಾಕ್ತಾರೆ, ಅಷ್ಟೆ."

ಮೆಣಸುವಿಗೆ ಅವಳ ಹೆಸರು ಸುಮ್ಮನೆ ಬಂದದ್ದಲ್ಲ. ಕಾಳಿನಷ್ಟಿದ್ದರೂ ಖಾರದ ಉತ್ತರ ಅವಳ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಅವತ್ತು ಮಾತ್ರ ಉತ್ತರವನ್ನು ಆ ಚೌಕದಲ್ಲೇ ಅಂಟಿಸುತ್ತೇನೆ ಎಂದುಕೊಂಡಿದ್ದಳು.

ಅಮ್ಮನ ಫೋನಿನಿಂದ ಆಗುವಂತಿರಲಿಲ್ಲ. ಹಿತ್ತಾಳೆ ಪುಡಿ ಉಜ್ಜಿ ಉಜ್ಜಿ ಅದರ ಕ್ಯಾಮೆರಾದ ಗಾಜು ಮಂಜು ಕವಿದ ಕಿಟಕಿಯಂತಾಗಿತ್ತು. ಮಾವನ ಫೋನು ಕೇಳಿದಾಗ, ಯಾರೋ ಚಪ್ಪಲಿಯಲ್ಲಿ ನೀರು ಕುಡಿಯುತ್ತೇನೆ ಅಂದ ಹಾಗೆ ಅವನು ಅವಳನ್ನು ನೋಡಿದ್ದ. ಮೂವತ್ತೊಂದು ಜನವೂ ಫೋನಿನಲ್ಲೇ ತೆಗೆದಿರುತ್ತಾರೆ, ನನ್ನ ಅಕ್ಕನ ಫೋಟೋ ಬೇರೆಯೇ ಥರ ಇರಬೇಕು ಎಂದಿದ್ದ. ಆ ಮಾತು ಮೆಣಸುವಿಗೂ ಹಿಡಿಸಿತ್ತು.

ಅದಕ್ಕೇ ಈಗ ಒಂದು ದಿನದ ಮಟ್ಟಿಗೆ ಕ್ಯಾಮೆರಾ ಬಾಡಿಗೆಗೆ ತರುವುದೆಂದಾಯಿತು. ಹದಿನಾಲ್ಕು ಜೇಬುಗಳ ಬ್ಯಾಗನ್ನು ಮಾವ ಬೆನ್ನಿಗೇರಿಸಿದ. ಟ್ರೈಪಾಡನ್ನು ಹೆಗಲಿಗಿಟ್ಟುಕೊಂಡ. ನೋಡಿದವರು ಇವನು ಬೆಟ್ಟ ಹತ್ತಲು ಹೊರಟಿದ್ದಾನೆ ಎಂದುಕೊಳ್ಳಬೇಕು.

ಬಾಡಿಗೆ ಅಂಗಡಿ ಇದ್ದದ್ದು ಅಮ್ಮ ಕೆಲಸ ಮಾಡುವ ಕಟ್ಟಡದ ಮೊದಲನೇ ಮಹಡಿಯಲ್ಲಿ. ಅದೇ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡೇ ಅಮ್ಮನ ಅಂಗಡಿ. ಬಾಡಿಗೆ ಅಂಗಡಿಯ ಅಜ್ಜಿ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಬಂದವರು ಯಾರೇ ಆಗಲಿ, ಅವರು ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಸಿಗುವವರೆಗೆ ಕಪಾಟು ತೆರೆಯುತ್ತಿರಲಿಲ್ಲ.

"ಏನನ್ನ ತೆಗೀತೀರಿ? ಎಷ್ಟು ಹೆಜ್ಜೆ ದೂರದಿಂದ?"

ಮಾವ ಮೊದಲನೆಯದಕ್ಕೆ ಪೋರ್ಟ್ರೇಟ್ ಎಂದ. ಎರಡನೆಯದಕ್ಕೆ ಪಾಠ ಒಪ್ಪಿಸುವವನಂತೆ, ದೂರದ್ದನ್ನು ಹತ್ತಿರ ತರುವ ಲೆನ್ಸೊಂದರ ನಂಬರುಗಳನ್ನು ಹೇಳತೊಡಗಿದ. ಎಪ್ಪತ್ತು, ಇನ್ನೂರು, ಎರಡು ಪಾಯಿಂಟ್ ಎಂಟು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ನಾನು ಕೇಳಿದ್ದು ಹೆಜ್ಜೆ," ಎಂದರು.

"ಅದನ್ನೆಲ್ಲ ಲೆನ್ಸೇ ನೋಡಿಕೊಳ್ಳುತ್ತೆ," ಎಂದು ಮಾವ ನಯವಾಗಿ ನಕ್ಕ.

ಮೆಣಸು ಮನಸ್ಸಿನಲ್ಲೇ ಅಮ್ಮನ ಸ್ಟೂಲಿನಿಂದ ಗೂಡಿನ ಬಾಗಿಲಿಗೆ ಹೆಜ್ಜೆ ಎಣಿಸಿ ನೋಡಿದಳು. ಒಂದೂ ಸಿಗಲಿಲ್ಲ. ಮಾವನ ತೋಳು ಜಗ್ಗಿದಳು. ಹುಡುಗಿಗೆ ಕಾಲು ನೋಯುತ್ತಿದೆ ಎಂದುಕೊಂಡು ಅವನು ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಅಜ್ಜಿ ಕೊನೆಗೆ ಸೋತು ಕಪಾಟು ತೆರೆದು ಮಾವ ಕೇಳಿದ್ದನ್ನೇ ತೆಗೆದುಕೊಟ್ಟರು. ಒಂದು ಕ್ಯಾಮೆರಾ, ಅದರ ಮೂತಿಗೆ ಮೆಣಸುವಿನ ಮುಂಗೈಯಷ್ಟು ಉದ್ದದ ಬಿಳಿ ಲೆನ್ಸು.

ಕೆಳಗೆ ಅಮ್ಮ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದಳು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಇನ್ನೂ ಹಲ್ಲು ಮೂಡದ ಕೀಗಳು. ಕೈ ಚಾಚಿದರೆ ಈ ಗೋಡೆ, ಇನ್ನೊಂದು ಕೈ ಚಾಚಿದರೆ ಆ ಗೋಡೆ.

ಮಾವ ಗೂಡಿನ ಬಾಗಿಲಿಗೆ ಅಡ್ಡಲಾಗಿದ್ದ ಹಲಗೆಗೆ ಎದುರಾಗಿ ನಿಂತು ಕ್ಯಾಮೆರಾ ಎತ್ತಿದ. ಲೆನ್ಸು ಗುರ್ ಗುರ್ ಎಂದಿತು, ಏನೂ ಕಾಣಿಸಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದ. ಅಮ್ಮನ ಒಂದು ಹುಬ್ಬು ಕಾಣಿಸಿತು. ಫುಟ್‌ಪಾತಿನ ಅಂಚಿಗೆ ಹೋದ. ಮುಖ ಬಂತು, ಕೈ ಬರಲಿಲ್ಲ.

"ಕೈಯಿಲ್ಲದೆ ಕೆಲಸ ಹೇಗೆ ಕಾಣುತ್ತೆ ಮಾವ?"

ಅದೂ ನಿಜ ಎಂದು ಮಾವ ಟ್ರೈಪಾಡು ಹೊತ್ತುಕೊಂಡು ರಸ್ತೆ ದಾಟಲು ಹೊರಟ.

"ಲೋ ತಮ್ಮಾ," ಎಂದು ಅಮ್ಮ ಕೂಗಿ ಕೇಳಿದಳು, "ನನ್ನ ಫೋಟೋ ತೆಗೀತಿದ್ದೀಯೋ, ಊರು ಬಿಡ್ತಿದ್ದೀಯೋ?"

ರಸ್ತೆಯ ಆಚೆ ದಡದಲ್ಲಿ ಮೂರು ಕಾಲು ಅಗಲಿಸಿ ನಿಂತ ಟ್ರೈಪಾಡಿನ ಸುತ್ತ ಜನ ನಿಂತರು. ಲೆನ್ಸು ನೋಡುತ್ತಿದ್ದ ಕಡೆ ಎಲ್ಲರೂ ನೋಡಿದರು. ಅಪರೂಪದ ಹಕ್ಕಿ ಬಂದಿರಬೇಕೆಂದು ಕೊಡೆ ಹಿಡಿದ ಮುದುಕರೊಬ್ಬರು ಬಹಳ ಹೊತ್ತು ಕಾದರು. ಇಷ್ಟು ದೂರದಿಂದ ಮಾವನ ಮಾತು ಅಕ್ಕನಿಗೆ ಕೇಳಿಸುತ್ತಿರಲಿಲ್ಲ. ಅವನು ಫೋನ್ ಮಾಡಿ ಸ್ವಲ್ಪ ಇತ್ತ ತಿರುಗು ಎಂದ. ಅವಳು ತಿರುಗಿದಳು, ಫೋನು ಕಿವಿಯಲ್ಲೇ ಇತ್ತು. ಫೋನ್ ಇಡು ಎಂದು ಅವನು ಫೋನಿನಲ್ಲಿ ಹೇಳಿದ. ಇಟ್ಟ ಕೂಡಲೇ ನಡುವೆ ಬಸ್ಸು ಬಂತು.

ಒಂದು ಗಂಟೆಯಲ್ಲಿ ಲೆನ್ಸಿನೆದುರು ಹಾದುಹೋದದ್ದು ಇಷ್ಟು: ಬಸ್ಸಿನ ಮೈಮೇಲಿನ ಟೂತ್‌ಪೇಸ್ಟ್ ಜಾಹೀರಾತು, ಗಿರಾಕಿಗಳ ಬೆನ್ನು, ಫೋನಿನಲ್ಲಿ ಮಾತಾಡುವ ಅಮ್ಮ. ಇಂಥದ್ದನ್ನು ಚೌಕದಲ್ಲಿ ಅಂಟಿಸಿದರೆ ಉದ್ದ ಜಡೆಯವಳು ಸ್ವಿಚ್ ಹಾಕುವುದನ್ನೂ ಬಿಟ್ಟುಬಿಟ್ಟರಾ ಎಂದು ಕೇಳುತ್ತಾಳೆ. ಬಿಸಿಲು ಆಗಲೇ ಕಟ್ಟಡದ ಮೇಲಿನ ಕಿಟಕಿಗಳಿಗೆ ಹತ್ತಿತ್ತು. ಇನ್ನರ್ಧ ಗಂಟೆಗೆ ಅಮ್ಮ ಅಂಗಡಿ ಮುಚ್ಚುತ್ತಾಳೆ.

ಮೆಣಸು ಯಾರಿಗೂ ಹೇಳದೆ ಮೆಟ್ಟಿಲು ಹತ್ತಿದಳು.

ಅಜ್ಜಿ ಅವಳನ್ನೂ ಅದನ್ನೇ ಕೇಳಿದರು. ಎಷ್ಟು ಹೆಜ್ಜೆ?

"ಹೆಜ್ಜೆನೇ ಇಲ್ಲ ಅಜ್ಜಿ. ಕೈ ಚಾಚಿದ್ರೆ ಅಮ್ಮ."

ಅಜ್ಜಿ ಕನ್ನಡಕ ಏರಿಸಿಕೊಂಡು ಯಾವ ಅಮ್ಮ ಎಂದು ವಿಚಾರಿಸಿದರು. ಆ ಉದ್ದ ಲೆನ್ಸು ಹೋದದ್ದು ಕೆಳಗಿನ ಕೀ ಅಕ್ಕನ ಗೂಡಿಗೆ ಎಂದು ತಿಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಡ್ರಾಯರ್ ಎಳೆದು, ಅಂಚಿನಲ್ಲಿ ಬಣ್ಣ ಹೋದ ಒಂದು ಪುಟ್ಟ ಕ್ಯಾಮೆರಾ ತೆಗೆದು, ಅದರ ದಾರವನ್ನು ಮೆಣಸುವಿನ ಮಣಿಕಟ್ಟಿಗೆ ಹಾಕಿದರು. ಇದು ಎಷ್ಟು ಹತ್ತಿರ ಹೋದರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮುಚ್ಚುವ ಮುಂಚೆ ತಂದುಕೊಡು ಎಂದರು.

ಮೆಣಸು ಹಲಗೆಯ ಕೆಳಗೆ ನುಸುಳಿ ಗೂಡಿನೊಳಗೆ ಸೇರಿದಳು. ಕೀ ಡಬ್ಬದ ಮೇಲೆ ಕೂತು ಗುಂಡಿ ಒತ್ತಿದಳು. ಅವಳದೇ ಹೆಬ್ಬೆರಳು ಬಂತು. ಅಳಿಸಿದಳು. ಎರಡನೆಯದರಲ್ಲಿ ಅಮ್ಮನಿಗೆ ತಲೆ ಇರಲಿಲ್ಲ. ಅಳಿಸಿದಳು. ಮೂರನೆಯದರಲ್ಲಿ ತಲೆ ಇತ್ತು, ಆದರೆ ಎರಡಿದ್ದ ಹಾಗಿತ್ತು. ಯಾರಾದರೂ ನೋಡಿಯಾರು ಎಂದು ಬೇಗ ಬೇಗ ಅಳಿಸಿದಳು. ಎಂಟಾದವು. ಎಂಟೂ ಹೋದವು.

"ಈ ಕ್ಯಾಮೆರಾನೇ ಸರಿಯಿಲ್ಲ," ಎಂದು ಗೊಣಗಿದಳು. "ಇನ್ನೊಂಚೂರು ಒಳ್ಳೆ ಲೆನ್ಸ್ ಇದ್ದಿದ್ರೆ..."

ಮಾತು ಅಲ್ಲಿಗೇ ನಿಂತಿತು. ಬಾಯಿ ಅವಳದು, ಮಾತು ಮಾವನದು.

ಹಲಗೆಯ ಸಂದಿಯಿಂದ ರಸ್ತೆಯ ಆಚೆ ನೋಡಿದಳು. ಜನ ಚದುರಿದ್ದರು. ಮಾವ ಒಬ್ಬನೇ ನಿಂತು ಬಟ್ಟೆಯಿಂದ ಲೆನ್ಸ್ ಒರೆಸುತ್ತಿದ್ದ. ಲೆನ್ಸಿನ ಮೇಲೆ ಒಂದು ಕಣ ಧೂಳೂ ಇರಲಾರದು. ಒರೆಸಿ, ಒಂದು ತೆಗೆದು, ಕ್ಯಾಮೆರಾದ ಹಿಂಬದಿಯನ್ನು ಎದೆಯ ಮರೆಯಲ್ಲಿ ಹಿಡಿದು ಬಗ್ಗಿ ನೋಡಿ, ಹೆಬ್ಬೆರಳಿನಿಂದ ಏನೋ ಒತ್ತಿದ. ಏನು ಒತ್ತಿದ ಎಂದು ಮೆಣಸುವಿಗೆ ಗೊತ್ತಾಯಿತು. ಅವಳ ಹೆಬ್ಬೆರಳೂ ಅದೇ ಗುಂಡಿಯ ಮೇಲಿತ್ತು.

ಮಾವ ತೆಗೆದ ಒಂದೇ ಒಂದು ಫೋಟೋವನ್ನೂ ಅವಳು ಈವರೆಗೆ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ.

ಅವಳು ಬೆರಳನ್ನು ಆ ಗುಂಡಿಯಿಂದ ತೆಗೆದಳು. ಒಂಬತ್ತನೆಯದರಲ್ಲಿ ಅಮ್ಮನ ಮಂಡಿ ಬಂತು, ಇರಲಿ ಎಂದು ಬಿಟ್ಟಳು. ಹತ್ತನೆಯದು ಬರೀ ಬಲ್ಬು. ಅದೂ ಇರಲಿ.

ಅಷ್ಟರಲ್ಲಿ ಒಬ್ಬ ಗಿರಾಕಿ ಸವೆದುಹೋದ ಕೀ ಕೊಟ್ಟು, ಬೇಗ ಬೇಕು ಎಂದು ಅವಸರ ಮಾಡಿದ. ಮೆಷಿನ್ ಕಿರ್ ಎಂದು ಹಿತ್ತಾಳೆ ಕತ್ತರಿಸಿ ನಿಂತಿತು. ಆಯಿತಲ್ಲ ಕೊಡಿ ಎಂದ ಗಿರಾಕಿ.

"ಮೆಷಿನ್‌ದು ಆಯ್ತು," ಎಂದಳು ಅಮ್ಮ. "ನಂದಾಗಬೇಕು."

ಹಳೆಯ ಕೀ ಸವೆದಿತ್ತಲ್ಲ, ಹೊಸದಕ್ಕೂ ಅದೇ ಸವೆತ ಬಂದಿತ್ತು. ಅಮ್ಮ ಅರ ತೆಗೆದುಕೊಂಡು ಒಂದು ಹಲ್ಲನ್ನು ಎರಡು ಸಲ ಉಜ್ಜಿದಳು. ಪುಡಿ ಊದಿದಳು. ಹೆಬ್ಬೆರಳಿನಿಂದ ಅಂಚು ಸವರಿದಳು. ಆಮೇಲೆ ಕೀಯನ್ನು ಬಲ್ಬಿನ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಅವಳ ಉಸಿರು ನಿಂತಿತು. ಮೆಣಸುವಿನದೂ ನಿಂತಿತು. ಗುಂಡಿ ಒತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಪುಟ್ಟ ಸ್ಕ್ರೀನಿನಲ್ಲಿ ಕಪ್ಪಾದ ಬೆರಳ ತುದಿಗಳು, ಅವುಗಳ ನಡುವೆ ಹೊಳೆಯುವ ಕೀ, ಅದರ ಹಿಂದೆ ತೆರೆದಿದ್ದ ಒಂದೇ ಕಣ್ಣು. ಮೂಲೆಯಲ್ಲಿ ಮೆಷಿನ್ ಸುಮ್ಮನೆ ನಿಂತಿತ್ತು.

ಬಸ್ಸುಗಳು ಬಿಟ್ಟುಕೊಟ್ಟ ಮೇಲೆ ಮಾವ ರಸ್ತೆ ದಾಟಿ ಬಂದ. ಮೆಣಸು ಹಲಗೆಯ ಕೆಳಗಿನಿಂದ ಹೊರಗೆ ಬಂದು ಸ್ಕ್ರೀನ್ ತೋರಿಸಿದಳು. ಯಾವ ಕ್ಯಾಮೆರಾ, ಎಷ್ಟು ಪಿಕ್ಸೆಲ್ ಎಂದು ಕೇಳುತ್ತಾನೆ ಎಂದುಕೊಂಡಿದ್ದಳು. ಅವನು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. ಇದೇ ನಾಳೆ ಬೋರ್ಡಿಗೆ ಹೋಗಲಿ ಎಂದ. ಹಿಂದಿನವು ಇವೆಯಾ ಎಂದು ಕೇಳಿದ.

ಅವಳು ಬಲ್ಬು ತೋರಿಸಿದಳು, ಮಂಡಿ ತೋರಿಸಿದಳು. ಮಂಡಿ ನೋಡಿ ಮಾವನಿಗೆ ನಗು ಬಂತು.

"ಇದನ್ನ ಯಾಕೆ ಡಿಲೀಟ್ ಮಾಡ್ಲಿಲ್ಲ?"

"ಮೊದಲು ಎಂಟು ಮಾಡಿದೆ. ಆಮೇಲೆ ಬಿಟ್ಟೆ."

ಮಾವ ತನ್ನ ಕೊರಳಲ್ಲಿ ತೂಗುತ್ತಿದ್ದ ಉದ್ದ ಲೆನ್ಸನ್ನು ಒಮ್ಮೆ ನೋಡಿಕೊಂಡ.

"ನಂದೂ ಎಲ್ಲ ಹೋಯ್ತು," ಎಂದ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ.

ಮೆಣಸು ಮಣಿಕಟ್ಟಿನ ದಾರ ಬಿಚ್ಚಿ ಅವನ ಮಣಿಕಟ್ಟಿಗೆ ಹಾಕಿದಳು. ಅವನು ಬೆನ್ನಿನ ಬ್ಯಾಗು ಇಳಿಸಿ ಗೋಡೆಗೆ ಒರಗಿಸಿದ. ಹಲಗೆಯ ಮೇಲೆ ಮೊಣಕೈ ಊರಿ ಗೂಡಿನೊಳಕ್ಕೆ ಬಗ್ಗಿದ. ಪುಟ್ಟ ಕ್ಯಾಮೆರಾ ಅವನ ದೊಡ್ಡ ಕೈಯಲ್ಲಿ ಮುಕ್ಕಾಲು ಮುಚ್ಚಿಹೋಗಿತ್ತು. ಇನ್ನೂ ಮುಗಿದಿಲ್ಲವೇನ್ರೋ ನಿಮ್ಮದು ಎಂದು ಅಮ್ಮ ತಲೆ ಎತ್ತದೆಯೇ ಕೇಳಿದಳು.

ಮೆಣಸುವಿಗೆ ಸ್ಕ್ರೀನ್ ನೋಡುವ ಆಸೆ ತಡೆಯಲಾರದಷ್ಟಿತ್ತು. ಆದರೂ ಅವಳು ಬೆನ್ನು ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ಕೂತಳು. ಸರಿಯಾಗಿಯೇ ಕಟ್ಟಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಕ್ಲಿಕ್ ಇನ್ನೂ ಕೇಳಿಸಲಿಲ್ಲ.

ಅವಳು ಇನ್ನೊಂದು ಲೇಸನ್ನೂ ಬಿಚ್ಚಿ, ಎಷ್ಟು ನಿಧಾನವಾಗಿ ಕಟ್ಟಲು ಸಾಧ್ಯವೋ ಅಷ್ಟು ನಿಧಾನವಾಗಿ ಕಟ್ಟತೊಡಗಿದಳು.