ಅನುಮಾನಕ್ಕೆ ಸಿಗದ ಗಂಡ

ರಾತ್ರಿ ಎಂಟರ ‘ಹಾಳು ಬಾವಿ’ ಧಾರಾವಾಹಿಗೆಂದು ಟೀವಿ ಹಾಕಿದರೆ ಸಾಕು, ನಂಜುಮಳಿಗೆ ಬಡಾವಣೆಯ ರಾಚಪ್ಪನ ಮನೆಯಲ್ಲಿ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆಯೊಂದು ಮಿನುಗತೊಡಗುತ್ತಿತ್ತು. ಅದು ಊಹಾಗ್ರಾಹಿ. ನೋಡುವವರ ತಲೆಯಲ್ಲಿ ಯಾರ ಮೇಲಾದರೂ ಅನುಮಾನ ಮೊಳೆತ ಕೂಡಲೇ ಅದನ್ನು ಹಿಡಿದು, ಕಥೆ ಹೆಣೆಯುವ ಯಂತ್ರಕ್ಕೆ ಕಳಿಸುವುದು ಅದರ ಕೆಲಸ. ಯಂತ್ರಕ್ಕಿದ್ದ ಕಟ್ಟಳೆ ಒಂದೇ: ಯಾರೂ ಅನುಮಾನಿಸದವರನ್ನೇ ಕೊಲೆಗಾರ ಮಾಡಬೇಕು.

ಅದಕ್ಕೆ ಸರಿಯಾದ ಎದುರಾಳಿ ಸರ್ವಮಂಗಳಾ. ಧಾರಾವಾಹಿಯಲ್ಲಿ ಕಾಫಿಪುಡಿ ವ್ಯಾಪಾರಿ ವೆಂಕಟಪತಿಯನ್ನು ಬಾವಿಗೆ ತಳ್ಳಿದ್ದು ಯಾರೆಂದು ವಾರಕ್ಕೊಂದು ಸಿದ್ಧಾಂತ ಕಟ್ಟುತ್ತಿದ್ದಳು.

“ಪೂಜಾರಿನೇ ರೀ. ಆರತಿ ತಟ್ಟೆ ಎಡಗೈಲಿ ಹಿಡಿದ, ನೋಡಿದ್ರಾ?”

“ಬಲಗೈ ನೋವಿತ್ತೇನೋ ಬಿಡು,” ಎನ್ನುತ್ತಿದ್ದ ಗಂಡ ರಾಚಪ್ಪ. ಮಿಕ್ಸಿ ರಿಪೇರಿಯವನು. ಧಾರಾವಾಹಿಗಿಂತ ಹೆಂಡತಿಯ ಮಾತೇ ಅವನಿಗೆ ಇಷ್ಟ.

ಕೊನೆಯ ಕಂತಿನ ದಿನ ಅವನ ಅಂಗಡಿಗೆ ಊಹಾಗ್ರಾಹಿ ಕಂಡುಹಿಡಿದ ಡಾಕ್ಟರ್ ನಾಗವೇಣಿ ಬಂದರು.

“ರಾಚಪ್ಪನೋರು ನೀವೇನಾ? ಇವತ್ತಿನ ಕಂತಲ್ಲಿ ಕೊಲೆಗಾರ ನೀವೇ.”

“ಜಾರ್ ತಂದಿದ್ದೀರಾ ಮೇಡಂ?”

ಅವರು ತಾವು ಯಾರೆಂದು ಹೇಳಿ ಸ್ಟೂಲಿನ ಮೇಲೆ ಕುಳಿತರು. ಧಾರಾವಾಹಿಯ ಪಾತ್ರಗಳೆಲ್ಲ ಅನುಮಾನದಲ್ಲಿ ಸಿಕ್ಕಿಬಿದ್ದಿದ್ದವು, ಹಸುವನ್ನೂ ಜನ ಬಿಟ್ಟಿರಲಿಲ್ಲ. ಬೇರೆ ದಾರಿ ಕಾಣದೆ ಯಂತ್ರ ನೋಡುಗರ ಮುಖಗಳನ್ನೇ ಜಾಲಾಡಿತ್ತು.

“ಹೆಂಡತಿ ಅನುಮಾನಕ್ಕೆ ಒಂದು ಸಲನೂ ಸಿಗದ ಗಂಡ ಇಡೀ ರಾಜ್ಯದಲ್ಲಿ ನೀವೊಬ್ಬರೇ.”

“ಬರೀ ಕಥೆ ತಾನೇ?”

“ಹೋದ ಧಾರಾವಾಹೀಲಿ ಹಿಂಗೇ ಕಡೂರಿನ ಡ್ರಾಯಿಂಗ್ ಮೇಷ್ಟ್ರ ಮುಖ ಕೊಲೆಗಾರನದಾಗಿ ಬಂತು. ಕಥೆ ಅಂತ ಎಲ್ಲರಿಗೂ ಗೊತ್ತು. ಆದ್ರೂ ಅವರಿಗೆ ಈಗ ಯಾರೂ ಬಾಡಿಗೆಗೆ ಮನೆ ಕೊಡಲ್ಲ. ಅವರು ಬಂದ್ರೆ ಬಸ್ಸಲ್ಲಿ ಪಕ್ಕದೋರು ಎದ್ದು ಹೋಗ್ತಾರೆ.”

ರಾಚಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. “ನಿಲ್ಲಿಸಿಬಿಡಿ.”

“ಗುಟ್ಟು ಸೋರಬಾರದು ಅಂತ ಕಂಪನಿಯೋರು ಯಂತ್ರಕ್ಕೆ ಬೀಗ ಹಾಕಿದ್ದಾರೆ. ನನಗೆ ಹೆಸರು ಮಾತ್ರ ಕಾಣುತ್ತೆ. ಎಂಟರೊಳಗೆ ಒಬ್ಬರಾದರೂ ನಿಮ್ಮನ್ನ ಅನುಮಾನಿಸಬೇಕು. ಯಾವುದರ ಬಗ್ಗೆ ಆದ್ರೂ ಸರಿ.”

“ನಮ್ಮ ಮನೆಯೋಳಿಗೆ ಹೇಳ್ತೀನಿ.”

“ಹೇಳಿದ್ರೆ ಕೆಟ್ಟಿತು. ಅನುಮಾನ ನಿಜವಾಗಿ ಹುಟ್ಟಬೇಕು.”

ರಾಚಪ್ಪ ಆಗಲೇ ಅಂಗಡಿ ಮುಚ್ಚಿ ಮನೆಗೆ ಬಂದ. ಹಿತ್ತಲಿನ ಕಲ್ಲಿನ ಮೇಲೆ ತನ್ನ ಅಂಗಿಯನ್ನು ತಾನೇ ಒಗೆಯತೊಡಗಿದ. ಮದುವೆಯಾದಾಗಿನಿಂದ ಅವನು ಒಂದು ಕರವಸ್ತ್ರವನ್ನೂ ಒಗೆದವನಲ್ಲ.

ಸರ್ವಮಂಗಳಾ ಬಾಗಿಲಲ್ಲಿ ನಿಂತಳು. “ಏನ್ರೀ ಅದು?”

“ಏನಿಲ್ಲ.”

“ಏನಿಲ್ಲದ್ದಕ್ಕೆ ಇಷ್ಟು ಸೋಪಾ?”

ರಾಚಪ್ಪ ಅಂಗಿಯನ್ನು ಬೆನ್ನ ಹಿಂದೆ ಹಿಡಿದು, ಕೆಂಪು ನೀರು ಹೋಗುತ್ತಿದ್ದ ಮೋರಿಗೆ ಅಡ್ಡ ನಿಂತ. ಆ ಬಣ್ಣಕ್ಕೆ ಮನೆಯ ಕುಂಕುಮವೇ ಸಾಕಾಗಿತ್ತು.

“ಟೀ ಅಂಗಡಿ ಮಹದೇವಸ್ವಾಮಿ ಸಿಕ್ಕಿದ್ರು,” ಎಂದಳು ಅವಳು. “ಯಾರೋ ಹೆಂಗಸು ಬಂದಿದ್ರಂತೆ. ಅವರು ಹೋಗಿದ್ದೇ ನೀವು ಶಟರ್ ಎಳೆದ್ರಂತೆ.”

ಹೆಂಗಸಿನ ವಿಷಯ ಅವನ ಯೋಜನೆಯಲ್ಲಿ ಇರಲಿಲ್ಲ. ಸರ್ವಮಂಗಳಾ ಅವನ ಭುಜದಾಚೆ ಮೋರಿಯನ್ನೊಮ್ಮೆ ನೋಡಿ ಒಳಗೆ ಹೋದಳು. ಸಿದ್ಧಾಂತವೊಂದನ್ನು ಅವಳು ತನ್ನಲ್ಲೇ ಇಟ್ಟುಕೊಂಡಿದ್ದು ಅದೇ ಮೊದಲು.

ಎಂಟಾಗಲು ಇನ್ನೇನು ಎನ್ನುವಾಗ, ಟೀವಿ ಮುಂದೆ ಕೂತ ಸರ್ವಮಂಗಳಾಳ ಅನುಮಾನ ಹಿಡಿದು ಹಸಿರು ಚುಕ್ಕೆ ದಪ್ಪಗೆ ಬೆಳಗಿತು. ಕೊನೆಯ ಕಂತಿನಲ್ಲಿ ಕೊಲೆಗಾರ್ತಿಯಾಗಿ ಬಾವಿಕಟ್ಟೆಯಿಂದ ಇಳಿದು ಬಂದವಳು ದಪ್ಪ ಕನ್ನಡಕದ ಒಬ್ಬ ಮುದುಕಿ. ಯಾವ ಊರಿನವಳೋ, ಈಗ ಎಲ್ಲಿ ಕೂತು ತನ್ನ ಮುಖವನ್ನೇ ನೋಡುತ್ತಿದ್ದಾಳೋ. ರಾಚಪ್ಪನಿಗೆ ಆ ಕಡೆ ನೋಡಲಾಗಲಿಲ್ಲ.

ಧಾರಾವಾಹಿ ಮುಗಿದಿದ್ದೇ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಯಂತ್ರ, ಕಡೂರಿನ ಮೇಷ್ಟ್ರು, ಕುಂಕುಮ, ಯಾವುದನ್ನೂ ಬಿಡಲಿಲ್ಲ.

ಸರ್ವಮಂಗಳಾ ಪೂರ್ತಿ ಕೇಳಿದಳು. “ಚೆನ್ನಾಗಿದೆ.”

“ನಂಬಿಕೆ ಬರದಿದ್ರೆ ಆ ಮೇಡಂಗೇ ಫೋನ್ ಮಾಡಿ ಕೇಳು.”

“ಅವಳೂ ಇದನ್ನೇ ಹೇಳ್ತಾಳೆ. ಇಬ್ಬರೂ ಕೂತು ಮಾತಾಡಿಕೊಂಡಿದ್ದೀರಲ್ಲ. ಕೊನೇ ಕಂತಲ್ಲಿ ತಾನಾಗೇ ಬಾಯಿಬಿಡೋನು ಯಾವತ್ತೂ ಪೂರ್ತಿ ಹೇಳಲ್ಲ ರೀ.”

ಅವಳು ಟೀವಿ ಆರಿಸಿದಳು. ಧಾರಾವಾಹಿಗೆ ಕೂರುವಂತೆಯೇ ಕಾಲು ಮಡಚಿ, ಕುರ್ಚಿಯನ್ನು ಗಂಡನ ಕಡೆಗೆ ತಿರುಗಿಸಿಕೊಂಡು ಕುಳಿತಳು.